ರಕ್ತದಲ್ಲಿ ಅದ್ದಿದ ಕರವಸ್ತ್ರ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ ಕಾಲದ ಸೇಡಿನ ನಾಟಕ ಅಂದಕೂಡಲೇ ಜನ ಎಷ್ಟು ಹೆಣ ಬಿತ್ತು ಅಂತ ಎಣಿಸೋಕೆ ಕೂರುತ್ತಾರೆ. ದಯವಿಟ್ಟು ಆ ಲೆಕ್ಕ ಬಿಡಿ. ಅಲ್ಲಿ ಕತ್ತಿಗಿಂತ ಮೊದಲು ಬರುವುದು ಕಣ್ಣೀರು. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

ಥಾಮಸ್ ಕಿಡ್ ಬರೆದ 'ಸ್ಪ್ಯಾನಿಷ್ ಟ್ರ್ಯಾಜಿಡಿ' ತಗೊಳ್ಳಿ. 1592ರಲ್ಲಿ ಲಂಡನ್ನಿನ ರೋಸ್ ರಂಗಮಂದಿರದಲ್ಲಿ ಮತ್ತೆ ಮತ್ತೆ ಆಡಿದ ನಾಟಕ. ಹಿಯೆರೋನಿಮೊ ಸ್ಪೇನಿನ ಅರಮನೆಯ ನ್ಯಾಯಾಧಿಕಾರಿ. ಒಂದು ರಾತ್ರಿ ತೋಟದಲ್ಲಿ ಹೆಣ್ಣಿನ ಕೂಗು ಕೇಳಿ, ಮಲಗಿದ್ದ ಅಂಗಿಯಲ್ಲೇ ಓಡಿಬರುತ್ತಾನೆ. ಬಳ್ಳಿಚಪ್ಪರದಲ್ಲಿ ಯಾರದೋ ಹೆಣ ತೂಗುತ್ತಿದೆ. ಹಗ್ಗ ಕೊಯ್ದು ಇಳಿಸಿ ಮುಖ ನೋಡಿದರೆ, ತನ್ನ ಮಗ ಹೊರೇಷಿಯೊ! ಮಗನ ಗಾಯದ ರಕ್ತದಲ್ಲಿ ಅದ್ದಿದ ಕರವಸ್ತ್ರವನ್ನು, ಸೇಡು ತೀರುವವರೆಗೂ ಬಿಡಲಾರೆ ಅಂತ ಇಟ್ಟುಕೊಳ್ಳುತ್ತಾನೆ. ತಂದೆಯ ಋಣ ಮಗ ತೀರಿಸುವುದು ರೂಢಿ. ಇಲ್ಲಿ ಮಗನ ಋಣ ತಂದೆಯ ಹೆಗಲಿಗೆ ಬಿತ್ತು.

ಕೊಂದವರಲ್ಲಿ ಒಬ್ಬ ರಾಜನ ಸೋದರನ ಮಗ, ಇನ್ನೊಬ್ಬ ಪೋರ್ಚುಗಲ್ಲಿನ ರಾಜಕುಮಾರ. ರಾಜನ ಮುಂದೆ ನಿಂತು ನ್ಯಾಯ ಕೇಳಿದರೆ, ಆ ಸೋದರನ ಮಗನೇ ಅಡ್ಡ ಬರುತ್ತಾನೆ. ಊರಿಗೆಲ್ಲ ನ್ಯಾಯ ಹೇಳುವವನಿಗೇ ನ್ಯಾಯವಿಲ್ಲ.

ಈಗ ನನ್ನ ಪ್ರೀತಿಯ ದೃಶ್ಯ. ಅವನ ಹತ್ತಿರ ಅರ್ಜಿದಾರರು ಬಂದಿದ್ದಾರೆ. ಸಾಲದ ತಕರಾರು, ಗೇಣಿಯ ತಕರಾರು, ಒಂದೇ ಗದ್ದಲ. ಒಬ್ಬ ಮುದುಕ ಮಾತ್ರ ದೂರದಲ್ಲಿ ಸುಮ್ಮನೆ ನಿಂತು ಅಳುತ್ತಿದ್ದಾನೆ. ಅವನ ಕಾಗದ ತಗೊಂಡು ಓದಿದರೆ, ಕೊಲೆಯಾದ ಮಗನಿಗಾಗಿ ಬರೆದ ಅರ್ಜಿ. ಹಿಯೆರೋನಿಮೊ ತಡೆಯಲಾರ, 'ಅಲ್ಲ, ಕೊಲೆಯಾದವನು ನನ್ನ ಮಗ' ಅನ್ನುತ್ತಾನೆ. ಕಣ್ಣು ಒರೆಸಿಕೋ ಅಂತ ಕರವಸ್ತ್ರ ತೆಗೆದುಕೊಡಲು ಹೋದರೆ, ಕೈಗೆ ಬಂದದ್ದು ಆ ರಕ್ತದ ಬಟ್ಟೆ! ಅಯ್ಯೋ, ಇದಲ್ಲ, ಇದು ನನ್ನ ಮಗನದು ಅಂತ ಹಿಂದಕ್ಕೆ ಎಳೆದುಕೊಂಡು ಹಣದ ಚೀಲವನ್ನೇ ಕೊಟ್ಟುಬಿಡುತ್ತಾನೆ. ಬುದ್ಧಿ ಕಲಕಿದೆ. ಉಳಿದವರ ಪತ್ರಗಳನ್ನು ಹಲ್ಲಿನಿಂದ ಹರಿಯುತ್ತಾನೆ. ಮುದುಕನನ್ನೇ ಹೊರೇಷಿಯೊ ಅಂದುಕೊಂಡು, ನ್ಯಾಯ ಕೇಳಲು ಪಾತಾಳದಿಂದ ಬಂದೆಯಾ ಮಗನೇ ಅನ್ನುತ್ತಾನೆ. ಕೊನೆಗೆ ಇಬ್ಬರೂ ಒಬ್ಬರಿಗೊಬ್ಬರು ಆತುಕೊಂಡು ಒಳಗೆ ನಡೆಯುತ್ತಾರೆ.

ಇದನ್ನು ಬರೀ ರಕ್ತಪಾತದ ನಾಟಕ ಅನ್ನುವವರು ಈ ಪುಟ ಓದಿಯೇ ಇಲ್ಲ! ಕತ್ತಿಗಿಂತ ಮೊದಲು ಕಣ್ಣೀರು.

ಹಿಯೆರೋನಿಮೊನ ಹೆಂಡತಿ ಇಸಬೆಲ್ಲ ಆ ಬಳ್ಳಿಚಪ್ಪರವನ್ನೇ ಕಡಿದುಹಾಕಿ ಪ್ರಾಣ ಬಿಡುತ್ತಾಳೆ. ಅವಳ ಬಗ್ಗೆ ಇನ್ನಷ್ಟು ಹೇಳಬೇಕಿತ್ತು, ಸಮಯ ಮುಗಿಯುತ್ತಾ ಬಂತು.

ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಿಮಗೆ ಗೊತ್ತು. ಅವನು ಮೊದಲ ಸಲ ರಂಗಕ್ಕೆ ಬಂದಾಗ ಆಸ್ಥಾನ ಮದುವೆಯ ಸಡಗರದಲ್ಲಿದೆ. ಅವನೊಬ್ಬನ ಮೈಮೇಲೆ ಮಾತ್ರ ತಂದೆಯ ಸಾವಿನ ಶೋಕದ ಕಪ್ಪು ಬಟ್ಟೆ. ತಂದೆಯ ಪ್ರೇತ ಬಂದು ಸೇಡಿನ ಮಾತೆತ್ತುವುದು ಅದಾದ ಮೇಲೆ.

ನಮಸ್ಕಾರ.