ಸಿನಿಮಾ ಹೆಸರಲ್ಲ, ಒಂದು ಸೀನ್ ಹೇಳಿ

ಈ ಹಾಳೆ ನೋಡಿ. ಇದರಲ್ಲಿ ಗೀಟು ಹೊಡೆದ ಹೆಸರುಗಳೇ ಜಾಸ್ತಿ. ನಿನ್ನೆ ರಾತ್ರಿ ನಾವು ಐದು ಜನ ಸೇರಿ, ಇಷ್ಟು ವರ್ಷದಲ್ಲಿ ನೋಡಿದ ಸಿನಿಮಾಗಳಲ್ಲಿ ಯಾವುದು ಎಲ್ಲಕ್ಕಿಂತ ಇಷ್ಟ ಅಂತ ಬರೆಯಲು ಕೂತೆವು. ಒಬ್ಬೊಬ್ಬರಿಗೆ ಮೂರೇ ಹೆಸರು. ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆವು, ಆದರೆ ರಾತ್ರಿ ಒಂದು ಗಂಟೆಯಾದರೂ ಯಾರೂ ಎದ್ದಿರಲಿಲ್ಲ.

ಮೊದಲ ಒಂದು ಗಂಟೆ ಸುಮ್ನೆ ಹೋಯಿತು. ಒಬ್ಬರು ಹೆಸರು ಹೇಳೋದು, ಇನ್ನೊಬ್ಬರು "ಅಯ್ಯೋ, ಅದಾ?" ಅನ್ನೋದು. ಯಾರೋ "ದಿ ಶಾಶಾಂಕ್ ರಿಡೆಂಪ್ಶನ್" ಅಂದಾಗ, ಎಲ್ಲರೂ ಹೇಳೋದೇ ಅದು, ಬೇರೆ ಹೇಳು ಅಂತ ಬಾಯಿ ಮುಚ್ಚಿಸಿದೆವು. ಅದು ತಪ್ಪಾಯಿತು. 1994ರಲ್ಲಿ ಬಂದಾಗ ಥಿಯೇಟರಿನಲ್ಲಿ ಓಡದ ಸಿನಿಮಾ ಅದು. ಏಳು ಆಸ್ಕರ್‌ಗೆ ನಾಮನಿರ್ದೇಶನ ಸಿಕ್ಕಿತು, ಒಂದೂ ಕೈಗೆ ಬರಲಿಲ್ಲ. ಆಮೇಲೆ ಕ್ಯಾಸೆಟ್‌ನಲ್ಲಿ, ಟಿವಿಯಲ್ಲಿ ನೋಡಿದ ಜನ ಒಬ್ಬರಿಗೊಬ್ಬರು ಹೇಳಿ ಹೇಳಿ ಅದನ್ನು ಮೇಲೆ ತಂದರು. ಅಷ್ಟು ಜನ ಎತ್ತಿ ಹಿಡಿದದ್ದನ್ನು "ಎಲ್ಲರೂ ಹೇಳ್ತಾರೆ" ಅಂತ ಪಕ್ಕಕ್ಕಿಡೋದು ಸರಿಯಲ್ಲ, ಅಲ್ವಾ?

ಮಾತು ದಾರಿಗೆ ಬಂದದ್ದು ನನ್ನ ಗೆಳತಿಯಿಂದ. "ಹೆಸರು ಸಾಕು, ಒಂದು ಸೀನ್ ಹೇಳಿ" ಅಂದಳು. ತಾನೇ ಶುರು ಮಾಡಿದಳು. ಅವಳ ಸಿನಿಮಾ "12 ಆಂಗ್ರಿ ಮೆನ್", 1957ರದ್ದು, ಸಿಡ್ನಿ ಲುಮೆಟ್ ನಿರ್ದೇಶನ. ಕೊಲೆ ಕೇಸಿನಲ್ಲಿ ತೀರ್ಪು ಹೇಳಬೇಕಾದ ಹನ್ನೆರಡು ಜನ ಸಾಮಾನ್ಯರು, ಅಂದರೆ ಜ್ಯೂರಿ, ಒಂದು ರೂಮು, ಒಬ್ಬ ಹುಡುಗನ ಜೀವ ಇವರ ಕೈಯಲ್ಲಿ. ಹೆಚ್ಚುಕಮ್ಮಿ ಇಡೀ ಸಿನಿಮಾ ಆ ರೂಮಿನಲ್ಲೇ. ಅವಳು ಕೈಯನ್ನೇ ಕ್ಯಾಮೆರಾ ಮಾಡಿಕೊಂಡು ತೋರಿಸಿದಳು. ಶುರುವಿನಲ್ಲಿ ಕ್ಯಾಮೆರಾ ಅವರ ಕಣ್ಣಿಗಿಂತ ಮೇಲಿರುತ್ತೆ. ಆಮೇಲೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತೆ. ಕೊನೆಯ ಭಾಗದಲ್ಲಿ ಇನ್ನೂ ಕೆಳಗೆ ಹೋಗಿ ಮೇಲೆ ನೋಡುತ್ತೆ, ಆಗ ಚಾವಣಿ ಕಾಣಿಸೋಕೆ ಶುರುವಾಗುತ್ತೆ. ಜೊತೆಗೆ ಲೆನ್ಸ್ ಕೂಡ ಬದಲಾಗ್ತಾ ಹೋಗುತ್ತೆ, ಗೋಡೆಗಳು ಆ ಜನರ ಬೆನ್ನಿಗೆ ಬಂದು ಅಂಟಿಕೊಂಡ ಹಾಗೆ. ರೂಮು ಇದ್ದಷ್ಟೇ ಇದೆ, ನಮಗೆ ಮಾತ್ರ ಉಸಿರು ಕಟ್ಟುತ್ತೆ. ಕೊನೆಗೆ ಹೊರಗೆ ಬಂದಾಗ ದೊಡ್ಡ ಬಯಲು ನೋಟ, ಆಗ ನಾವೂ ಉಸಿರು ಬಿಡ್ತೀವಿ. ನಾನು ಅದನ್ನು ನಾಲ್ಕು ಸಲ ನೋಡಿದ್ದೆ, ಇದು ಗೊತ್ತೇ ಆಗಿರಲಿಲ್ಲ. ಆಮೇಲೆ ಅವಳ ಆಯ್ಕೆಯನ್ನು ಯಾರೂ ಪ್ರಶ್ನೆ ಮಾಡಲಿಲ್ಲ.

ನನ್ನದು "ಬೈಸಿಕಲ್ ಥೀವ್ಸ್", 1948ರ ಇಟಲಿಯ ಸಿನಿಮಾ, ಡಿ ಸಿಕಾ ಮಾಡಿದ್ದು. ಅಪ್ಪನ ಪಾತ್ರ ಮಾಡಿದವರು ನಟರೇ ಅಲ್ಲ, ಫ್ಯಾಕ್ಟರಿ ಕೆಲಸಗಾರ. ಸೈಕಲ್ ಕಳೆದುಕೊಂಡ ಆ ಅಪ್ಪ ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳ್ತಾನೆ. ಮಗ ಅದನ್ನು ನೋಡ್ತಾನೆ. ಸೈಕಲ್ ಮಾಲೀಕ ಬಿಟ್ಟುಬಿಡ್ತಾನೆ, ಅಪ್ಪ ಜನರ ಮಧ್ಯೆ ಅಳ್ತಾ ನಡೀತಾನೆ, ಆ ಪುಟ್ಟ ಹುಡುಗ ಏನೂ ಮಾತಾಡದೆ ಅಪ್ಪನ ಕೈ ಹಿಡೀತಾನೆ. ಚಿಕ್ಕವಳಿದ್ದಾಗ ಆ ಹುಡುಗನಿಗಾಗಿ ಅತ್ತಿದ್ದೆ. ಹೋದ ವರ್ಷ ಮತ್ತೆ ನೋಡಿದಾಗ ಕಣ್ಣೆಲ್ಲ ಅಪ್ಪನ ಮೇಲೇ ಇತ್ತು. ಸಿನಿಮಾ ಅದೇ, ನೋಡುವ ನಾನು ಬೇರೆ.

ದೊಡ್ಡ ದೊಡ್ಡ ಪಟ್ಟಿಗಳಿಗೂ ಹೀಗೇ ಆಗುತ್ತೆ. ಬ್ರಿಟನ್ನಿನ "ಸೈಟ್ ಅಂಡ್ ಸೌಂಡ್" ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳುತ್ತೆ, ಎಲ್ಲಕ್ಕಿಂತ ಒಳ್ಳೆಯ ಸಿನಿಮಾ ಯಾವುದು ಅಂತ. ಮೊದಲ ಸಲ ಗೆದ್ದದ್ದು ಇದೇ "ಬೈಸಿಕಲ್ ಥೀವ್ಸ್". ಆಗ ಅದಕ್ಕೆ ಬರೀ ನಾಲ್ಕು ವರ್ಷ. 1962ರಿಂದ 2002ರವರೆಗೆ ಐದು ಸಲವೂ "ಸಿಟಿಜನ್ ಕೇನ್". 2012ರಲ್ಲಿ "ವರ್ಟಿಗೋ". ಇನ್ನು 2022ರಲ್ಲಿ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ "ಜಾನ್ ಡೀಲ್‌ಮನ್". ಹೆಣ್ಣೊಬ್ಬಳು ನಿರ್ದೇಶಿಸಿದ ಸಿನಿಮಾ ಆ ಪಟ್ಟಿಯ ಮೊದಲ ಜಾಗಕ್ಕೆ ಬಂದದ್ದು ಅದೇ ಮೊದಲು. "ಕೇನ್" ಮಾಡಿದಾಗ ಆರ್ಸನ್ ವೆಲ್ಸ್‌ಗೂ 25ರ ಆಸುಪಾಸು, ಅಕರ್‌ಮನ್‌ಗೂ ಅಷ್ಟೇ. ಅದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತೆ.

ನಿಜವಾದ ಜಗಳ ಹತ್ತಿದ್ದು ಈ "ಜಾನ್ ಡೀಲ್‌ಮನ್" ವಿಷಯಕ್ಕೇ. ನನ್ನ ತಮ್ಮ ಒಪ್ಪಲೇ ಇಲ್ಲ. "ಮೂರು ಗಂಟೆಗಿಂತ ಜಾಸ್ತಿ ಒಬ್ಬಳು ಅಡುಗೆ ಮಾಡೋದನ್ನ ನೋಡ್ಬೇಕಾ ಅಕ್ಕಾ? ಇದು ವಿಮರ್ಶಕರಿಗೆ ಮಾತ್ರ." ಅವನ ಮಾತು ಸುಳ್ಳಲ್ಲ. ಒಬ್ಬ ವಿಧವೆಯ ಮೂರು ದಿನ, ಅಷ್ಟೇ ಕಥೆ. ಅಡುಗೆ ಮಾಡ್ತಾಳೆ, ಪಾತ್ರೆ ತೊಳೀತಾಳೆ, ಲೈಟ್ ಆರಿಸಿ ಮುಂದಿನ ರೂಮಿಗೆ ಹೋಗ್ತಾಳೆ. ಬೇಜಾರಾಗೋದು ಸಹಜ. ಆದರೆ ಮೊದಲ ದಿನ ಅವಳ ಕೆಲಸದ ಲಯ ನಮ್ಮ ಮೈಗೆ ಹತ್ತಿದ ಮೇಲೆ, ಎರಡನೇ ದಿನ ಒಂದು ಚಿಕ್ಕ ತಪ್ಪಾಗುತ್ತೆ. ಬೇರೆ ಸಿನಿಮಾದಲ್ಲಾದರೆ ಅದು ಕಣ್ಣಿಗೇ ಬೀಳಲ್ಲ, ಇಲ್ಲಿ ಎದೆ ಧಸಕ್ ಅನ್ನುತ್ತೆ. ಆ ತಪ್ಪು ಏನು ಅಂತ ತಮ್ಮನಿಗೆ ನಾನು ಹೇಳಲಿಲ್ಲ. "ಎರಡನೇ ದಿನದವರೆಗೆ ನೋಡು, ಆಮೇಲೆ ಜಗಳ ಆಡೋಣ" ಅಂದೆ, ಅಷ್ಟೇ.

ಇವತ್ತು ಸಂಜೆ, ಈ ವಿಡಿಯೋ ಎಡಿಟ್ ಮಾಡ್ತಾ ಕೂತಿದ್ದಾಗ, ಅವನಿಂದ ಮೆಸೇಜ್ ಬಂತು. ನೋಡಿ, ಇದೇ. "ಅಕ್ಕಾ, ಆಲೂಗಡ್ಡೆ ಜಾಸ್ತಿ ಬೆಂದುಹೋಯ್ತು. ಅವಳಿಗೆ ಏನೋ ಆಗಿದೆ, ಅಲ್ವಾ?"

ನಾನು ಉತ್ತರ ಬರೆದಿಲ್ಲ. ಇನ್ನೂ ಒಂದು ದಿನದ ಕಥೆ ಬಾಕಿ ಇದೆ ಅವನಿಗೆ.