ಬಿಪಿ ಏರಿದರೆ ಮೂತ್ರಪಿಂಡದ ದುಡಿಮೆ ಏನಾಗುತ್ತದೆ?

ಕೇಳುಗರಿಗೆ ನಮಸ್ಕಾರ.

ಮೂತ್ರಪಿಂಡ ರಕ್ತ ಸೋಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಸೋಸುವುದಕ್ಕೆ ಬೇಕಾದ ಒತ್ತಡ ಬರುವುದು ಹೃದಯದಿಂದ. ಮೂತ್ರಪಿಂಡ ತನ್ನ ಶಕ್ತಿಯನ್ನು ಅದಕ್ಕೆ ಹೆಚ್ಚೇನೂ ಖರ್ಚು ಮಾಡುವುದಿಲ್ಲ. ಅದರ ನಿಜವಾದ ದುಡಿಮೆ ಇರುವುದು ಸೋಸಿಹೋದದ್ದನ್ನು ವಾಪಸ್ ಎಳೆದುಕೊಳ್ಳುವುದರಲ್ಲಿ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ, ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಆ 180 ಲೀಟರಿನಲ್ಲಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ! ಅಷ್ಟನ್ನೂ, ಊಟದಲ್ಲಿ ಬಂದ ಕೆಲವು ಗ್ರಾಂ ಬಿಟ್ಟು, ಪ್ರತಿದಿನ ಹೊತ್ತು ರಕ್ತಕ್ಕೆ ಮರಳಿಸಬೇಕು.

ಈ ಹೊರೆ ಹೊರುವವು ಮೂತ್ರನಾಳಿಕೆಗಳ, ಅಂದರೆ ಮೂತ್ರಪಿಂಡದೊಳಗೆ ಸೋಸಿದ ದ್ರವ ಹರಿಯುವ ಸೂಕ್ಷ್ಮ ಕೊಳವೆಗಳ ಜೀವಕೋಶಗಳು. ಅವುಗಳ ಗೋಡೆಯಲ್ಲಿರುವ ಪಂಪು ಮೂರು ಸೋಡಿಯಂ ರಕ್ತದ ಕಡೆಗೆ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಪ್ರತಿ ಸಲವೂ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಮೂತ್ರಪಿಂಡ ಬಳಸುವ ಆಮ್ಲಜನಕದ ಬಹುಪಾಲು ಇದಕ್ಕೇ ಹೋಗುತ್ತದೆ. ಸೋಸಿದ ದ್ರವ ಮೊದಲು ಬಂದು ಸೇರುವ ನಾಳಿಕೆಯ ಭಾಗದಲ್ಲಿ ಮೈಟೊಕಾಂಡ್ರಿಯಗಳು, ಅಂದರೆ ಆ ಇಂಧನ ತಯಾರಿಸುವ ಜೀವಕೋಶದ ಒಲೆಗಳು, ಕಿಕ್ಕಿರಿದಿವೆ. ಅವು ಉರಿಸುವುದು ಸಕ್ಕರೆಗಿಂತ ಹೆಚ್ಚಾಗಿ ಕೊಬ್ಬಿನಾಮ್ಲಗಳನ್ನು. ಕೊಬ್ಬು ಉರಿಯಬೇಕಾದರೆ ಆಮ್ಲಜನಕ ಬೇಕೇ ಬೇಕು. ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗ ಮೂತ್ರಪಿಂಡಗಳಿಗೆ ಬರುತ್ತದಾದರೂ ಹೆಚ್ಚಿನದು ಹೊರಪದರಕ್ಕೆ. ಒಳಭಾಗ ಮೊದಲಿಂದಲೂ ಅರೆಹೊಟ್ಟೆಯ ಸಂಸಾರ.

ಈಗ ಬಿಪಿ ವಿಷಯಕ್ಕೆ ಬರೋಣ. ರಕ್ತ ಸೋಸುವುದು ಮೂತ್ರಪಿಂಡದಲ್ಲಿರುವ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳು. ಇಂಥ ಗೊಂಚಲಿಗೆ ರಕ್ತ ತರುವ ಸಣ್ಣ ಅಪಧಮನಿ ನಲ್ಲಿಯ ತಿರುಪಿನ ಹಾಗೆ. ಒತ್ತಡ ಏರಿದರೆ ಬಿಗಿಯುತ್ತದೆ, ಇಳಿದರೆ ಸಡಿಲಾಗುತ್ತದೆ. ವರ್ಷಗಟ್ಟಲೆ ಬಿಗಿದೇ ಇದ್ದರೆ ಅದರ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಆಗ ಕೆಲವು ಗೊಂಚಲುಗಳಿಗೆ ರಕ್ತವೇ ಸಾಲದು. ಕೆಲವಕ್ಕೆ ತಡೆಯಿಲ್ಲದೆ ನುಗ್ಗುತ್ತದೆ. ನುಗ್ಗಿದ ಕಡೆ ಜರಡಿ ಸಡಿಲವಾಗಿ ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಸೋರುತ್ತದೆ. ಸೋರಿದ್ದನ್ನು ಎತ್ತಿಕೊಳ್ಳುವ ಕೆಲಸವೂ ಅದೇ ನಾಳಿಕೆಯ ತಲೆಗೆ.

ಇದರ ಜತೆಗೆ ಆಂಜಿಯೊಟೆನ್ಸಿನ್ ಅನ್ನುವ ಹಾರ್ಮೋನು ಒಂದು ಕಡೆ ರಕ್ತನಾಳ ಹಿಂಡಿ ಸರಬರಾಜು ಕಡಿತ ಮಾಡುತ್ತದೆ, ಇನ್ನೊಂದು ಕಡೆ ಇನ್ನಷ್ಟು ಸೋಡಿಯಂ ಎಳೆ ಎನ್ನುತ್ತದೆ. ಕೂಲಿ ಕಮ್ಮಿ, ಕೆಲಸ ಜಾಸ್ತಿ. ಆನುವಂಶಿಕವಾಗಿ ಬಿಪಿ ಬರುವ ತಳಿಯ ಇಲಿಗಳಲ್ಲಿ, ಅಷ್ಟೇ ಸೋಡಿಯಂ ಸಾಗಿಸಲು ಮೂತ್ರಪಿಂಡ ಹೆಚ್ಚು ಆಮ್ಲಜನಕ ಸುಡುವುದು ಕಂಡುಬಂದಿದೆ. ಕೊನೆಗೆ ಕೊಬ್ಬು ಉರಿಸುವ ಶಕ್ತಿ ಕುಂದಿ, ಉರಿಯದ ಕೊಬ್ಬು ಜೀವಕೋಶದೊಳಗೇ ಹನಿಹನಿಯಾಗಿ ಕೂರುತ್ತದೆ. ನಾಳಿಕೆ ಸೊರಗಿ ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ಹಾಗೆ ಹೋದ ನಾಳಿಕೆ ಮತ್ತೆ ಹುಟ್ಟುವುದಿಲ್ಲ.

ಇಷ್ಟೆಲ್ಲ ಆಗುವಾಗ ಸಾಮಾನ್ಯವಾಗಿ ನೋವಿಲ್ಲ, ಊತವಿಲ್ಲ. ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್‌ನ ರಕ್ತದ ಮಟ್ಟ ಕೂಡ ಸುಮಾರು ಅರ್ಧ ಶಕ್ತಿ ಹೋಗುವ ತನಕ ಸರಿಯಾಗಿಯೇ ಕಾಣಬಹುದು. ಅದಕ್ಕೇ ಬಿಪಿ ಇರುವವರು ‘ಕ್ರಿಯಾಟಿನಿನ್ ನಾರ್ಮಲ್’ ಎಂದು ಸುಮ್ಮನಾಗದೆ, ವರ್ಷಕ್ಕೊಮ್ಮೆಯಾದರೂ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಬೇಕು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳಬೇಕು. ಜ್ವರವಿದ್ದಾಗ, ಮೈಮುರಿದು ದುಡಿದ ಮರುದಿನ ಸುಮ್ಮನೆ ಏರಿರಬಹುದು.

ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಎಲ್ಲವೂ ಆ ಚಮಚದೊಳಗೇ ಲೆಕ್ಕ. ‘ಕಡಿಮೆ ಸೋಡಿಯಂ’ ಉಪ್ಪು ತರುವ ಮುಂಚೆ ವೈದ್ಯರನ್ನು ಕೇಳಿ: ಅದರಲ್ಲಿ ಒಂದಷ್ಟು ಸೋಡಿಯಂ ಬದಲು ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ಏರಿದರೆ ಹೃದಯದ ಬಡಿತಕ್ಕೇ ಕುತ್ತು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ರಕ್ತ ತರುವ ಆ ಸಣ್ಣ ಅಪಧಮನಿಯನ್ನೇ ಹಿಂಡುತ್ತವೆ.

ಹೆಸರಿನ ಕೊನೆಗೆ ‘ಪ್ರಿಲ್’ ಅಥವಾ ‘ಸಾರ್ಟನ್’ ಎಂದಿರುವ ಬಿಪಿ ಮಾತ್ರೆಗಳು ಆಂಜಿಯೊಟೆನ್ಸಿನ್ ಆಟ ತಡೆಯುತ್ತವೆ. ಅಲ್ಬುಮಿನ್ ಸೋರುವವರಿಗೆ ವೈದ್ಯರು ಮೊದಲು ಬರೆಯುವುದು ಇವನ್ನೇ. ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆ ಆಗಲೇಬೇಕು. ಕ್ರಿಯಾಟಿನಿನ್ ಮೊದಲಿಗಿಂತ ಶೇಕಡಾ 30ರೊಳಗೆ ಏರಿದ್ದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ, ನೀವಾಗಿ ಬಿಡಬೇಡಿ. ವಾಂತಿ-ಭೇದಿಯಾಗಿ ನೀರಿನಂಶ ಬತ್ತಿದ ದಿನ ಮಾತ್ರ ಮುಂದಿನ ಮಾತ್ರೆ ನುಂಗುವ ಮುನ್ನ ವೈದ್ಯರಿಗೊಂದು ಫೋನ್ ಮಾಡಿ.

ನಮಸ್ಕಾರ.