ಕಿರ್ ಅನ್ನುವ ಮೆಟ್ಟಿಲು, ಅಲುಗುವ ರೇಲಿಂಗ್

ನಮಸ್ಕಾರ. ಮನೆಯಲ್ಲಿ ಮರದ ಮೆಟ್ಟಿಲಿದ್ದರೆ ಒಂದು ಸದ್ದು ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ರಾತ್ರಿ ನೀರು ಕುಡಿಯಲು ಕೆಳಗಿಳಿಯುವಾಗ ಯಾವುದೋ ಒಂದು ಮೆಟ್ಟಿಲು ಕಿರ್ ಅನ್ನುತ್ತದೆ. ಕೇಳಿ ಕೇಳಿ ಆ ಮೆಟ್ಟಿಲನ್ನು ದಾಟಿ ಕಾಲಿಡುವುದೇ ಅಭ್ಯಾಸವಾಗಿಬಿಡುತ್ತದೆ, ಅಲ್ವಾ?

ಮೆಟ್ಟಿಲು ಹಳತಾಯಿತು ಅನ್ನಿಸಿದಾಗ ನಮ್ಮ ಕೈ ಮೊದಲು ಹೋಗುವುದು ವಾರ್ನಿಷ್ ಡಬ್ಬಕ್ಕೆ. ನಾನೂ ಹಾಗೇ ಮಾಡಿದ್ದೆ. ರೇಲಿಂಗ್ ಶುರುವಾಗುವಲ್ಲಿ ಇರುತ್ತದಲ್ಲ ದಪ್ಪ ಕಂಬ, ಅದು ಸ್ವಲ್ಪ ಅಲುಗುತ್ತಿತ್ತು. ಆಮೇಲೆ ನೋಡೋಣ ಅಂತ ಅದರ ಮೇಲೇ ಎರಡು ಕೋಟ್ ಬಳಿದೆ. ತಿಂಗಳೊಳಗೆ ಕಂಬದ ಬುಡದ ಸುತ್ತ ವಾರ್ನಿಷ್ ಕೂದಲೆಳೆಯಷ್ಟು ಸಣ್ಣಗೆ ಬಿರುಕು ಬಿಟ್ಟಿತ್ತು. ನನ್ನ ಅಮ್ಮ ದಿನವೂ ಆ ಕಂಬ ಹಿಡಿದೇ ಇಳಿಯುತ್ತಿದ್ದರು. ಬಿರುಕು ನೋಡಿ ಎದೆ ಧಸಕ್ ಅಂದಿತು. ಹಾಗಾಗಿ ಇವತ್ತು ಬಿಗಿ ಮಾಡುವ ಕೆಲಸದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ, ಹೊಳಪಿನ ಮಾತು ಆಮೇಲೆ.

ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಮೊಳೆಯ ಹಿಡಿತ ಸಡಿಲವಾಗುತ್ತದೆ. ಆಗ ನಾವು ಕಾಲಿಟ್ಟಾಗ ಹಲಗೆ ತುಸು ಕೆಳಗಿಳಿದು, ಕಾಲೆತ್ತಿದಾಗ ಮೇಲೇಳುತ್ತದೆ. ಹಾಗೆ ಹಲಗೆಗೆ ಹಲಗೆ, ಇಲ್ಲವೇ ಹಲಗೆಗೆ ಮೊಳೆ ಉಜ್ಜಿಕೊಂಡಾಗ ಬರುವುದೇ ಆ ಸದ್ದು. ಜಾಗ ಹುಡುಕಲು ಇಬ್ಬರು ಬೇಕು. ಒಬ್ಬರು ಪ್ರತಿ ಮೆಟ್ಟಿಲಿನ ಎಡಕ್ಕೆ, ನಡುವೆ, ಬಲಕ್ಕೆ ನಿಧಾನವಾಗಿ ಭಾರ ಬಿಡಲಿ, ಇನ್ನೊಬ್ಬರು ಹತ್ತಿರ ಕಿವಿಯಿಟ್ಟು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಲಿ.

ಮೆಟ್ಟಿಲಿನ ಅಡಿಭಾಗಕ್ಕೆ ಕೈ ಎಟುಕಿದರೆ ಕೆಲಸ ಸುಲಭ. ಕಾಲಿಡುವ ಹಲಗೆಗೂ ಅದರ ಕೆಳಗೆ ನೆಟ್ಟಗೆ ನಿಂತ ಹಲಗೆಗೂ ನಡುವೆ ಸಂದು ಕಾಣುತ್ತದೆ. ತೆಳ್ಳಗಿನ ಮರದ ಬೆಣೆಗೆ ಅಂಟು ಸವರಿ, ಆ ಸಂದಿಗೆ ಮೆಲ್ಲಗೆ ತಟ್ಟಿ ಕೂರಿಸಿ. ಜೋರಾಗಿ ಹೊಡೆದರೆ ಹಲಗೆಯೇ ಮೇಲೆದ್ದು ಪಕ್ಕದಲ್ಲಿ ಹೊಸ ಸಂದು ಆಗುತ್ತದೆ. ಅಡಿಭಾಗ ಮುಚ್ಚಿದ್ದರೆ ಮೇಲಿನಿಂದಲೇ ಸ್ಕ್ರೂ ಹಾಕಬೇಕು. ಮೊದಲು ಸ್ಕ್ರೂಗಿಂತ ತೆಳ್ಳಗಿನ ತೂತು ಕೊರೆಯಿರಿ, ಇಲ್ಲದಿದ್ದರೆ ಅಂಚಿನಲ್ಲಿ ಮರ ಸೀಳುತ್ತದೆ. ಸ್ಕ್ರೂ ತಿರುಗಿಸುವಾಗ ಒಬ್ಬರು ಆ ಮೆಟ್ಟಿಲಿನ ಮೇಲೆ ನಿಂತಿರಲಿ, ಆಗ ಸಂದು ಮುಚ್ಚಿಕೊಂಡೇ ಬಿಗಿಯಾಗುತ್ತದೆ. ಮತ್ತೆ ಮೊಳೆ ಹೊಡೆಯಬೇಡಿ, ಅದು ಮತ್ತೆ ಸಡಿಲವಾಗುತ್ತದೆ. ಸಂದಿಗೆ ಪೌಡರ್ ಉದುರಿಸಿದರೂ ಸದ್ದು ನಿಲ್ಲುತ್ತದೆ, ಆದರೆ ಸ್ವಲ್ಪ ದಿನ ಮಾತ್ರ.

ಹಾಗೇ ಸ್ಕ್ರೂಡ್ರೈವರ್ ತುದಿಯಿಂದ ಹಲಗೆಯನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ. ತುದಿ ಮೆತ್ತಗೆ ಒಳಗೆ ಹೋದರೆ ಮರ ಕೊಳೆತಿದೆ ಅಥವಾ ಒಳಗೆ ಹುಳ ತಿಂದಿದೆ ಅಂತ ಅರ್ಥ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಮಿಕ್ಕ ಕೆಲಸವನ್ನೆಲ್ಲ ನಿಲ್ಲಿಸಿ ಮೊದಲು ಅದಕ್ಕೆ ಮದ್ದು ಮಾಡಿ.

ರೇಲಿಂಗಿಗೆ ಬರೋಣ. ಕೈಹಿಡಿಯ ಕೆಳಗೆ ಸಾಲಾಗಿ ನಿಂತ ತೆಳ್ಳಗಿನ ಮರದ ಕಂಬಿಗಳಲ್ಲಿ ಯಾವುದಾದರೂ ಸಡಿಲವಾಗಿದ್ದರೆ, ಅದರ ಸುತ್ತ ಸುಮ್ನೆ ಹೊಸ ಅಂಟು ಸುರಿದರೆ ಅದು ನಿಲ್ಲುವುದಿಲ್ಲ. ಒಣಗಿದ ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಕಂಬಿಯನ್ನು ಹೊರಗೆಳೆದು, ಅದರ ತುದಿಯನ್ನೂ ತೂತಿನ ಒಳಗನ್ನೂ ಬರಿ ಮರ ಕಾಣುವ ತನಕ ಕೆರೆಯಬೇಕು. ಬುಡದ ದಪ್ಪ ಕಂಬಕ್ಕೆ ಅಂಟು ಸಾಲದು, ಕೆಳಗಿನ ತೊಲೆಗೆ ಸೇರುವಂತೆ ಉದ್ದನೆಯ ಬೋಲ್ಟ್ ಬೇಕು. ಕಂಬಿಗಳ ನಡುವಿನ ಜಾಗವನ್ನೂ ಒಮ್ಮೆ ಅಳೆದುಬಿಡಿ. 10 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಪುಟ್ಟ ಮಕ್ಕಳು ತಲೆ ತೂರಿಸಿಬಿಡುತ್ತಾರೆ, ನಡುವೆ ಇನ್ನೊಂದು ಕಂಬಿ ಸೇರಿಸಿ.

ಇನ್ನು ಉಜ್ಜುವ ಕೆಲಸ. ಮೆಟ್ಟಿಲಿಗೆ ಹಳೆಯ ಕಾಲದ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ ಬಣ್ಣವನ್ನು ಉಜ್ಜಬೇಡಿ, ಆ ಧೂಳು ಮಕ್ಕಳಿಗೆ ವಿಷ. ಬರಿ ವಾರ್ನಿಷ್ ಇದ್ದರೆ 80ನೇ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ, ಆಮೇಲೆ 120, ಕೊನೆಗೆ 180. ನಡುವಿನದನ್ನು ಬಿಟ್ಟು ಹಾರಬೇಡಿ. ಮರದ ಎಳೆ ಓಡುವ ದಿಕ್ಕಿನಲ್ಲೇ ಉಜ್ಜಿ. ಅಡ್ಡ ಉಜ್ಜಿದ ಗೀರು ಆಗ ಕಾಣುವುದಿಲ್ಲ, ಬಣ್ಣ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ. ಉಜ್ಜಿದ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ಕಣ್ಣಿಗೆ ನುಣುಪಾಗಿ ಕಂಡ ಜಾಗದಲ್ಲೂ ಒಂದು ಸಣ್ಣ ಸಿಬಿರು ಕೈಗೆ ತಾಕುತ್ತದೆ. ರೇಲಿಂಗಿನಲ್ಲಂತೂ ಇದನ್ನು ಬಿಡಲೇಬೇಡಿ, ದಿನವೂ ಅಂಗೈ ಜಾರುವ ಜಾಗ ಅದು.

ಕಾಲಿಡುವ ಹಲಗೆಗೆ ಅರಗಿನ ಪಾಲಿಶ್ ಬೇಡ, ನೀರು ಬಿದ್ದರೆ ಬಿಳಿ ಕಲೆ ಬೀಳುತ್ತದೆ. ತುಳಿತಕ್ಕೆ ತಡೆಯುವುದು ಪಾಲಿಯುರೆಥೇನ್ ಅನ್ನುವ ಗಟ್ಟಿ ವಾರ್ನಿಷ್. ಡಬ್ಬ ಕುಲುಕಬೇಡಿ, ಗುಳ್ಳೆಯೇಳುತ್ತದೆ. ಕಡ್ಡಿಯಿಂದ ಮೆಲ್ಲಗೆ ಕಲಸಿ. ದಪ್ಪಗೆ ಒಂದು ಕೋಟ್ ಬಳಿಯುವುದಕ್ಕಿಂತ ತೆಳ್ಳಗೆ ಮೂರು ಕೋಟ್ ಬಳಿಯುವುದು ವಾಸಿ, ನಡುನಡುವೆ 220ನೇ ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ ಧೂಳು ಒರೆಸಿ. ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಬಳಿದರೆ ಓಡಾಟ ನಿಲ್ಲುವುದಿಲ್ಲ, ಬಳಿಯದ ಮೆಟ್ಟಿಲಿಗೆ ಕಾಗದದ ಗುರುತು ಅಂಟಿಸಿ. ಪಳಪಳ ಹೊಳೆಯುವ ವಾರ್ನಿಷ್ ಜಾರುತ್ತದೆ. ಹೊಳಪು ಕಡಿಮೆ ಇರುವುದನ್ನೇ ತನ್ನಿ, ಕೊನೆಯ ಕೋಟಿಗೆ ಜಾರದಂತೆ ತಡೆಯುವ ಪುಡಿ ಬೆರೆಸಿ.

ಒಂದು ಮಾತು ಮರೆಯಬೇಡಿ. ಮರಕ್ಕೆ ಹಚ್ಚಲು ಅಗಸೆ ಎಣ್ಣೆ ಬಳಸಿದರೆ, ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಕೂಡಿ ಬೆಂಕಿಯೇ ಹತ್ತಬಹುದು. ಹೊರಗೆ ಅಗಲವಾಗಿ ಹರಡಿ ಒಣಗಿಸಿ.

ಕೈಗೆ ಅಂಟದಷ್ಟು ಒಣಗಿದರೂ ವಾರ್ನಿಷ್ ಒಳಗೆ ಗಟ್ಟಿಯಾಗಲು ಇನ್ನೂ ಎಷ್ಟೋ ದಿನ ಬೇಕು. ರೇಲಿಂಗ್ ಬಿಚ್ಚಿ ಕಂಬಕ್ಕೆ ಬೋಲ್ಟ್ ಹಾಕಿದ ಆ ವಾರ ಅಮ್ಮನಿಗೆ ಕೆಳಗಿನ ಕೋಣೆಯಲ್ಲೇ ಹಾಸಿಗೆ ಹಾಕಿದ್ದೆ. ಎಂಟನೇ ದಿನ ಬೆಳಗ್ಗೆ ಅವರೇ ಬಂದು ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ಮೇಲೆ ಹತ್ತಿದರು.

ನಮಸ್ಕಾರ.